ಶನಿವಾರದ ಗಂಟು

ಶನಿವಾರ ಬೆಳಿಗ್ಗೆ, ಎದುರಿನ ಖುಬ್ಬೂಸ್ ಗೂಡಿನ
ಮೊದಲ ಬಿಸಿ ಗಲ್ಲಿಗಿಳಿಯುವ ಹೊತ್ತಿಗೆ
ಹಾಜಿ ಮಕ್ಕಿ ಬರುತ್ತಾನೆ, ಹೆಗಲಲ್ಲಿ ಗಂಟು.
ಗೆದ್ದಿದ್ದರೆ ಕೌಂಟರಿನ ಮೇಲೆ ಇಡುತ್ತಾನೆ.
ಸೋತಿದ್ದರೆ ಒಗೆಯುತ್ತಾನೆ.

ಒಗೆ ಅಂದರೆ ನಮ್ಮಲ್ಲಿ ಎಸೆಯುವುದೂ ಹೌದು, ತೊಳೆಯುವುದೂ ಹೌದು.
ಮೊದಲನೆಯದು ಅವನ ಪಾಲು, ಎರಡನೆಯದು ನನ್ನದು.

ಅರ್ಧ ಟ್ಯಾಂಕು ಪೆಟ್ರೋಲಿಗೆ ಸುತ್ತಿ ಬರಬಹುದಾದ ದೇಶ ಈ ಬಹರೈನು.
ಅದರ ಎರಡನೇ ದರ್ಜೆಯ ಲೀಗು,
ಅದರಲ್ಲಿ ಈ ಹಳ್ಳಿಯ ಕೆಂಪು ತಂಡ.
ಪರಸ್ಥಳದ ಪಂದ್ಯ ಅಂದರೂ ಇಪ್ಪತ್ತು ನಿಮಿಷದ ದಾರಿ.
ಆರು ವರ್ಷದಿಂದ ಒಗೆಯುತ್ತಿದ್ದೇನೆ,
ಒಂದು ಪಂದ್ಯ ಕಂಡಿಲ್ಲ.
ಗುರುವಾರ ರಾತ್ರಿ ಅವರು ಆಡುವಾಗ
ಮರುದಿನದ ಜುಮ್ಮಾಕ್ಕೆ ಊರಿನ ಬಿಳಿ ತೋಬುಗಳೆಲ್ಲ
ಇಸ್ತ್ರಿಗೆ ಕತ್ತು ಚಾಚಿ ನನ್ನ ಸುತ್ತ ನೇತಾಡುತ್ತವೆ.

ಕಾಣಬೇಕಿಲ್ಲ. ಬಟ್ಟೆ ಬಾಯಿಬಿಡುತ್ತದೆ.

ಏಳನೇ ನಂಬರಿನ ಮಿರ್ಜಾ, ಬೆನ್ನ ತುಂಬ ಹುಲ್ಲಿನ ಕಲೆ:
ಬಿದ್ದ, ಬೀಳಿಸಿದರು, ಇಲ್ಲವೆ ಬಿದ್ದ ಹಾಗೆ ಮಾಡಿದ.
ಮೂರಕ್ಕೂ ಸೋಪು ಒಂದೇ.
ನಾಲ್ಕನೆಯವನು ಅಗ್ನಿಶಾಮಕದಲ್ಲಿದ್ದಾನೆ,
ಡ್ಯೂಟಿ ಮುಗಿಸಿ ನೇರ ಮೈದಾನಕ್ಕೆ;
ಕಾಲರಿನಲ್ಲಿ ಯಾರದೋ ಅಡುಗೆಮನೆ ಸುಟ್ಟ ವಾಸನೆ.
ಗೋಲಿಯ ಹಸಿರಂಗಿ ಮೊಣಕೈಯಲ್ಲಿ ನಾಲ್ಕು ಸಲ ಹರಿಯಿತು,
ಹಸಿರು ನೂಲು ಇರಲಿಲ್ಲ, ನೀಲಿಯಲ್ಲಿ ಹೊಲಿದೆ.
ಹದಿನಾಲ್ಕು ಮಾತ್ರ
ವಾರವಾರವೂ ಶುದ್ಧ,
ಚಡ್ಡಿಯ ಹಿಂಬದಿಗೆ ಅಷ್ಟು ಬೆಂಚಿನ ಧೂಳು.
ಪಂದ್ಯದ ಹಿಂದಿನ ದಿನ ಮನೆಗೊಯ್ಯುತ್ತಾನಂತೆ,
ತಾಯಿ ಬುಖೂರಿನ ಹೊಗೆ ಹಿಡಿದು ಕಳಿಸುತ್ತಾಳಂತೆ.
ಆ ಪರಿಮಳ ನೀರಿಗೆ ಹಾಕಲು ಮನಸ್ಸು ಬಾರದೆ
ಅದನ್ನು ಕೊನೆಗೆ ಹಾಕುತ್ತೇನೆ.

ಡಿಸೆಂಬರಿನಲ್ಲಿ ಒಂದೇ ಒಂದು ಮಳೆ.
ಗಂಟಿಗೆ ಗಂಟೇ ಕೆಸರು, ಮಕ್ಕಿಯ ಮುಖದಲ್ಲಿ ಐದು ಗೋಲು.
"ಐತಬ್ಬ, ಹೀಗೇ ಬಾಯಿಂಟ್ ಬರಲಿ, ಮೇಲಿನ ದರ್ಜೆಗೆ ಹೋದೆವು!"
ಇಲ್ಲಿಯ ನಾಲಿಗೆಗೆ ಪಕಾರ ಒಲಿದಿಲ್ಲ.
ಮುಂಡ್ಕೂರಿನ ಐತಪ್ಪ ಇಲ್ಲಿ ಐತಬ್ಬ;
ಫೋನಿನಲ್ಲಿ ಕೇಳಿಸಿಕೊಂಡ ತಂಗಿ
ಬ್ಯಾರಿ ಯಾವಾಗ ಆದೆ ಮಾರಾಯ ಅಂದಳು.

ಫೆಬ್ರವರಿಗೆ ಎದೆಯ ಮೇಲಿನ ಟೈರಂಗಡಿಯ ಹೆಸರು ಉದುರತೊಡಗಿತು.
ಅರಬಿ ಅಕ್ಷರದ ಚುಕ್ಕಿಗಳು ಮೆಷಿನ್ನಿನ ಜಾಲರಿಯಲ್ಲಿ ಸಿಕ್ಕವು,
ಸಣ್ಣ, ಬಿಳಿ, ಬೂತಾಯಿಯ ಹುರುಪೆಯ ಹಾಗೆ.
ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.
ಚುಕ್ಕಿಯಿಲ್ಲದೆ ಆ ಅಂಗಡಿ ಈಗ ಏನು ಮಾರುತ್ತದೋ.

ರಂಜಾನಿನಲ್ಲಿ ರಾತ್ರಿ ಹತ್ತಕ್ಕೆ ಪಂದ್ಯ.
ಸಹರಿಯ ಹೊತ್ತಿಗೆ ಶಟರು ಬಡಿದು
ಮಾತಿಲ್ಲದೆ ಒಗೆದು ಹೋದ,
ಸಾಲಾಗಿ ಮೂರು ವಾರ.
ಮೂಸಿ ನೋಡಿದೆ. ಗೆದ್ದಾಗಿನಷ್ಟೇ ಬೆವರು,
ಅಷ್ಟೇ ಉಪ್ಪು.

ಏಪ್ರಿಲ್ ಮುಗಿಯಿತು. ಕೊನೆಯ ಗಂಟು.
ಮಕ್ಕಿ ಇಡಲೂ ಇಲ್ಲ, ಒಗೆಯಲೂ ಇಲ್ಲ,
ಹೆಗಲ ಮೇಲೆ ಹೊತ್ತುಕೊಂಡೇ ನಿಂತ.
ಡ್ರಾ. ಒಂದು ಬಾಯಿಂಟಿಗೆ ತಪ್ಪಿತು.
ಮತ್ತೆ ಇದೇ ದರ್ಜೆ, ಇದೇ ಗಲ್ಲಿ, ಸೆಪ್ಟೆಂಬರು.

ನಾನೇ ಇಳಿಸಿ ಎಣಿಸಿದೆ. ಇಪ್ಪತ್ತೊಂದು.
ಮತ್ತೆ ಎಣಿಸಿದೆ.
ಹದಿನಾಲ್ಕು ಇರಲಿಲ್ಲ.

"ಕೊನೆಗೆ ಆರು ನಿಮಿಷ ಇಳಿಸಿದೆವು ಆ ಹುಡುಗನನ್ನು.
ಚೆಂಡು ಕಾಲಿಗೆ ಬಂದದ್ದು ಒಂದೇ ಸಲ, ಹೊರಗೆ ಹೊಡೆದ.
ಅಂಗಿ ಬಿಚ್ಚಲಿಲ್ಲ.
ಹಾಗೇ ಮನೆಗೆ ಹೋದ, ಹಾಗೇ ಮಲಗಿದನಂತೆ."

ಕಲೆ ಎದೆಗೋ, ತೋಳಿಗೋ?
ಈ ಸಾಲಿನಲ್ಲಿ ನಾನು ಓದದೆ ಬಿಟ್ಟ ಅಂಗಿ ಅದೊಂದೇ.

ಚೀಟಿಯಲ್ಲಿ ಇಪ್ಪತ್ತೊಂದು ಬರೆದೆ, ಅವರ ಅಂಕಿಯಲ್ಲೇ.
ಅರಬಿಯ ಒಂದು ಬರೀ ನೆಟ್ಟಗಿನ ಗೀಟು,
ತಲೆಗೊಂದು ಕೊಕ್ಕೆ ಎಳೆದರೆ ಎರಡು.
ಮಕ್ಕಿ ಪೆನ್ನು ಕಿತ್ತುಕೊಂಡು ಎಳೆದ.
ಜನವರಿಯಿಂದ ಬಾಕಿ ಕೊಡದ ಕ್ಲಬ್ಬು
ಒಗೆಯದ ಅಂಗಿಗೂ ಇನ್ನೂರು ಫಿಲ್ಸು
ಸಾಲ ಬರೆಸಿ ಹೋಯಿತು.